ಅಕ್ಕಿಯ ಕಾರ್ಡೇ ದವಾಖಾನೆಯ ಬಿಲ್ಲನ್ನೂ ಅಳೆಯಬೇಕೆ?

ಮಾನ್ಯ ಸಂಪಾದಕರೇ,

ಬಿಪಿಎಲ್ ಕಾರ್ಡ್ ರದ್ದಾದ ಸುದ್ದಿ ಬಂದಾಗಲೆಲ್ಲ ಮಾತು ಅಕ್ಕಿಯ ಸುತ್ತಲೇ ತಿರುಗುತ್ತದೆ. ತಲೆಗೆ ಎಷ್ಟು ಕಿಲೋ ಹೋಯಿತು, ನಮ್ಮ ಕಡೆ ಅಕ್ಕಿ ಬದಲು ಜೋಳ ಕೊಡಬಾರದಿತ್ತೇ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆದರೆ ಆ ಕಾರ್ಡಿನ ಬೆನ್ನಿಗೆ ಕಟ್ಟಿದ ದೊಡ್ಡ ಗಂಟು ಬೇರೆಯೇ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಅದೇ ಕಾರ್ಡಿನ ಮೇಲೆ ನಿಂತಿದೆ. ಅಕ್ಕಿ ನಿಂತರೆ ಸಂತೆಯಲ್ಲಿ ಕೊಂಡು ತರಬಹುದು, ಹೃದಯದ ಸ್ಟೆಂಟನ್ನು ಹಾಗೆ ತರಲಾಗದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಜನ ಈ ಗಂಟಿನ ಲೆಕ್ಕವನ್ನು ಆಸ್ಪತ್ರೆ ಬಾಗಿಲಿಗೆ ಹೋಗುವ ಮೊದಲೇ ತಿಳಿದಿರಲಿ ಎಂದು ಈ ಪತ್ರ.

ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕೇಂದ್ರದ ಮೂಲ ಯೋಜನೆ ಅರ್ಹತೆಯನ್ನು ವಾರ್ಷಿಕ ಆದಾಯದ ಮಿತಿಯಿಂದ ಅಳೆಯಲಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಯಾರ ಮನೆಗೆ ಒಂದೇ ಕಚ್ಚಾ ಕೋಣೆ, ಯಾರ ಮನೆಯಲ್ಲಿ ದುಡಿಯುವ ವಯಸ್ಸಿನವರಿಲ್ಲ, ಯಾರು ಭೂಮಿಯಿಲ್ಲದ ಕೂಲಿಕಾರರು ಎಂದು ನೋಡಿ ಪಟ್ಟಿ ಮಾಡಿದ್ದರು. ಆ ಪಟ್ಟಿ ಚಿಕ್ಕದಾಯಿತೆಂದು ಕರ್ನಾಟಕ ತನ್ನ ಬಿಪಿಎಲ್ ಮತ್ತು ಅಂತ್ಯೋದಯ ಕಾರ್ಡುದಾರರನ್ನೆಲ್ಲ ಸೇರಿಸಿಕೊಂಡಿತು. ಒಳ್ಳೆಯ ಕೆಲಸವೇ. ಆದರೆ ಅಂದಿನಿಂದ ಆಸ್ಪತ್ರೆಯ ಅರ್ಹತೆ ಆಹಾರ ಇಲಾಖೆಯ ಕಂಪ್ಯೂಟರಿಗೆ ಗಂಟುಬಿತ್ತು. ನೋಂದಾಯಿತ ಆಸ್ಪತ್ರೆಯ ಕೌಂಟರಿನಲ್ಲಿ ರೇಷನ್ ಕಾರ್ಡಿನ ಸಂಖ್ಯೆ ಹಾಕಿದಾಗ ಪರದೆಯ ಮೇಲೆ ಬರುವ ವರ್ಗವೇ ಬಿಲ್ಲಿನಲ್ಲಿ ನಿಮ್ಮ ಪಾಲನ್ನು ನಿರ್ಧರಿಸುತ್ತದೆ.

ಆ ವರ್ಗ ಎರಡೇ. ಬಿಪಿಎಲ್ ಅಥವಾ ಅಂತ್ಯೋದಯವಾದರೆ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್ ಆದರೆ ಅಥವಾ ಕಾರ್ಡೇ ಇಲ್ಲದಿದ್ದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಶೇ 30 ಎಂದರೆ ಬಿಲ್ಲಿನ ಶೇ 30 ಅಲ್ಲ, ಸರ್ಕಾರ ಆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30. ಒಂದು ಶಸ್ತ್ರಚಿಕಿತ್ಸೆಯ ಪ್ಯಾಕೇಜ್ ದರ 1 ಲಕ್ಷ ಎಂದು ಇಟ್ಟುಕೊಳ್ಳಿ. ಬಿಪಿಎಲ್ ಮನೆಯವರು ಕೊಡುವುದು ಸೊನ್ನೆ. ಎಪಿಎಲ್ ಮನೆಗೆ ಸರ್ಕಾರದಿಂದ ಸಿಗುವುದು 30 ಸಾವಿರ. ಉಳಿದ ಮೊತ್ತವನ್ನು ಮನೆಯವರೇ ಹೊಂದಿಸಬೇಕು. ಒಂದೂವರೆ ಲಕ್ಷದ ನೆರವು ಪೂರ್ತಿ ಕೈಗೆ ಬರಬೇಕಾದರೆ ಒಂದೇ ವರ್ಷದಲ್ಲಿ 5 ಲಕ್ಷದ ಪ್ಯಾಕೇಜುಗಳು ಆಗಬೇಕು, ಅಂದರೆ ಮನೆಯವರು ಕನಿಷ್ಠ ಮೂರೂವರೆ ಲಕ್ಷ ಎಣಿಸಿರಬೇಕು. ಕೈಯಲ್ಲಿ ಆಯುಷ್ಮಾನ್ ಕಾರ್ಡ್ ಇದೆ, ಅದರ ಮೇಲೆ 5 ಲಕ್ಷ ಎಂದು ಕೇಳಿದ್ದೇವೆ ಎಂದು ಧೈರ್ಯದಿಂದ ಹೋದವರು ಕೌಂಟರಿನಲ್ಲಿ ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ. ಆ ಕಾರ್ಡ್ ಬಿಪಿಎಲ್‌ನವರಿಗೂ ಸಿಗುತ್ತದೆ, ಎಪಿಎಲ್‌ನವರಿಗೂ ಸಿಗುತ್ತದೆ. ಬೆಲೆ ಮಾತ್ರ ಬೇರೆ.

ಇನ್ನು ಗೆರೆ ಎಲ್ಲಿದೆ ನೋಡೋಣ. ರಾಜ್ಯದಲ್ಲಿ ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ 20 ಸಾವಿರ ರೂಪಾಯಿ ಮೀರಬಾರದು. ತಿಂಗಳಿಗೆ 10 ಸಾವಿರ. ಐದು ಜನರ ಮನೆಯಾದರೆ ತಲೆಗೆ 2 ಸಾವಿರ. ಗಂಡ ದಿನಕ್ಕೆ 400ರಂತೆ ತಿಂಗಳಿಗೆ 20 ದಿನ ಹಮಾಲಿ ಮಾಡಿದರೆ 8 ಸಾವಿರ ಆಯಿತು. ಹೆಂಡತಿ ದಿನಕ್ಕೆ 250ರಂತೆ 16 ದಿನ ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋದರೆ 4 ಸಾವಿರ. ವರ್ಷಕ್ಕೆ 1 ಲಕ್ಷ 44 ಸಾವಿರ. ಮನೆ ಗೆರೆ ದಾಟಿತು! ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಸರ್ಕಾರವೇ ಗೊತ್ತುಮಾಡಿದ ಆ ಕೂಲಿಯನ್ನು ಒಬ್ಬನೇ ಒಬ್ಬ ವರ್ಷದಲ್ಲಿ 325 ದಿನ ದುಡಿದರೂ 1,20,250 ಆಗುತ್ತದೆ, ಆ ಮನೆ ಕಾಗದದ ಮೇಲೆ ಬಡವರದಲ್ಲ.

ಕಾನೂನನ್ನು ಅಕ್ಷರಶಃ ಹಿಡಿದರೆ ದುಡಿಯುವ ಮನೆಗಳಲ್ಲಿ ಎಷ್ಟು ಉಳಿದಾವು? ಇದು ಅಧಿಕಾರಿಗಳಿಗೂ ಗೊತ್ತು, ಆದ್ದರಿಂದ ಅಕ್ಷರಶಃ ಹಿಡಿಯುವುದಿಲ್ಲ. ಹಿಡಿಯದೇ ಇರುವುದರಲ್ಲೇ ಅಪಾಯ ಇದೆ. 2024ರ ನವೆಂಬರ್‌ನಲ್ಲಿ ಕಾರ್ಡ್ ಪರಿಷ್ಕರಣೆಗೆ ಗದ್ದಲ ಎದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರ ಕಾರ್ಡ್ ಮಾತ್ರ ರದ್ದು, ಉಳಿದವನ್ನು ಮರಳಿ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಈಗ 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಹಾಗಾದರೆ ಒಂದು ಗೆರೆ 1.2 ಲಕ್ಷದಲ್ಲಿ, ಇನ್ನೊಂದು 12 ಲಕ್ಷದಲ್ಲಿ. ನಡುವೆ ಸರಿಯಾಗಿ ಹತ್ತು ಪಟ್ಟು. ಈ ಬಯಲಿನಲ್ಲಿ ನಿಂತ ಲಕ್ಷಾಂತರ ಮನೆಗಳು ಯಾವ ಕಡೆಗೆ ಸೇರುತ್ತವೆ ಎಂಬುದು ಆ ವರ್ಷದ ಸುತ್ತೋಲೆಯ ಮೇಲೆ ಹೋಗುತ್ತದೆ. ತೆರಿಗೆಯ ಗೆರೆ ಹಿಡಿದರೆ ತಿಂಗಳಿಗೆ 80 ಸಾವಿರ ಲಾಭದ ಅಂಗಡಿಯವನೂ ಒಳಗೆ, ಆದಾಯದ ಗೆರೆ ಹಿಡಿದರೆ ಎಪಿಎಂಸಿಯ ಹಮಾಲನೂ ಹೊರಗೆ.

ಕುಟುಂಬದ ಆದಾಯ ಕಾಗದಕ್ಕೆ ಇಳಿಯುವ ಬಗೆಯಲ್ಲೂ ಗೊಂದಲ ಇದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದಾಗ ಊರಿನ ತಲಾಟಿ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ವರದಿ ಕೊಡಬೇಕು. ಲೆಕ್ಕಕ್ಕೆ ಬರುವುದು ಅರ್ಜಿದಾರನ ಒಬ್ಬನ ದುಡಿಮೆಯಲ್ಲ, ಮನೆಯವರೆಲ್ಲರ ಕೂಲಿ, ಸಂಬಳ, ಹೊಲ, ಬಾಡಿಗೆ ಎಲ್ಲ ಸೇರಿ. ಒಮ್ಮೆ ಬಂದ ಪತ್ರ 5 ವರ್ಷ ನಡೆಯುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು. ಮಗ ಕೆಲಸದಲ್ಲಿದ್ದಾಗ ಮಾಡಿಸಿದ ಪತ್ರದಲ್ಲಿ 2 ಲಕ್ಷ ಇರುತ್ತದೆ. ಕೆಲಸ ಹೋಗಿ ಎರಡು ವರ್ಷವಾದರೂ ಕಂಪ್ಯೂಟರಿನಲ್ಲಿ ಅದೇ 2 ಲಕ್ಷ. ಮಗಳ ಸ್ಕಾಲರ್‌ಶಿಪ್ಪಿಗೆ ಒಂದು ಪತ್ರ, ತಂದೆಯ ಸಾಲಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮೊತ್ತ ಬರೆಸುವ ರೂಢಿ ಬಿಡಬೇಕು. ಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಯಾವ ಇಲಾಖೆಯವರೂ ಮೊತ್ತ ನೋಡಬಹುದು, ರಾಜ್ಯದ ‘ಕುಟುಂಬ’ ದತ್ತಾಂಶದಲ್ಲಿ ಒಂದು ಮನೆಯವರೆಲ್ಲ ಒಂದೇ ಕಡೆ ಕಾಣುತ್ತಾರೆ. ಆದಾಯ ನಿಜವಾಗಿ ಇಳಿದಿದ್ದರೆ ಕಾರಣದ ದಾಖಲೆ ಇಟ್ಟು, ಅಂದರೆ ಕೆಲಸ ಬಿಟ್ಟ ಪತ್ರವೋ ಸಂಬಳ ನಿಂತ ಪಾಸ್‌ಬುಕ್ಕೋ ತೋರಿಸಿ, ಹೊಸದಾಗಿ ಮಾಡಿಸಿಕೊಳ್ಳಬೇಕು. ಅವಧಿ ಮುಗಿಯಲೆಂದು ಕಾಯಬಾರದು.

ಹೊಲದ ಲೆಕ್ಕ ಇನ್ನೂ ಸೂಕ್ಷ್ಮ. ಹಳ್ಳಿಯಲ್ಲಿ 3 ಹೆಕ್ಟೇರ್, ಸುಮಾರು ಏಳೂವರೆ ಎಕರೆ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ದಾಟಿದರೆ ಬಿಪಿಎಲ್ ಇಲ್ಲ. ಗಜೇಂದ್ರಗಡ, ರೋಣ ಕಡೆಯ ಎಂಟು ಎಕರೆ ಎರಿ ಹೊಲದಲ್ಲಿ ಹೆಸರು ಹೂವಾಗುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಉತಾರ, ಅಂದರೆ ಪಹಣಿ, ನೋಡಿದವರಿಗೆ ಎಂಟು ಎಕರೆ ಕಾಣುತ್ತದೆ, ಮಳೆ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಿನ ತಾಪತ್ರಯ ಹಿರಿಯರ ಹೆಸರಿನಲ್ಲೇ ಉಳಿದ ಉತಾರದ್ದು. ಅಜ್ಜನ ಹೆಸರಿನಲ್ಲಿ 12 ಎಕರೆ, ನಾಲ್ವರು ಮಕ್ಕಳು ಬಾಯಿಮಾತಿನ ವಾಟ್ನಿಯಲ್ಲಿ ಮೂರು ಮೂರು ಎಕರೆ ಉಳುತ್ತಿದ್ದಾರೆ. ಅಜ್ಜ ಯಾರ ಕಾರ್ಡಿನಲ್ಲಿದ್ದಾನೋ ಆ ಮನೆಗೆ 12 ಎಕರೆ ಅಂಟಿಕೊಳ್ಳುತ್ತದೆ. ಅಜ್ಜ ತೀರಿದ್ದರೆ ವಾರಸಾ ಮಾಡಿಸಿ, ಬಳಿಕ ಹಿಸ್ಸಾ ಅಳತೆ ಮಾಡಿಸಿ ಪಾಲು ಬೇರೆ ಮಾಡಿಕೊಳ್ಳುವುದೇ ದಾರಿ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಮನೆಯವರು ಐಸಿಯುದಲ್ಲಿದ್ದಾಗ ಮಾಡುವ ಕೆಲಸವಲ್ಲ.

ಕೂಡು ಕುಟುಂಬದಲ್ಲಿ ಇನ್ನೊಂದು ಗೊಂದಲ. ತಮ್ಮನಿಗೆ ಪೊಲೀಸ್ ಕೆಲಸವೋ ಶಾಲೆಯ ಕಾಯಂ ನೌಕರಿಯೋ ಸಿಕ್ಕಿತು, ಬೇರೆ ಊರಿಗೆ ಹೋದ, ಹೆಸರು ಮಾತ್ರ ಅಣ್ಣನ ಕಾರ್ಡಿನಲ್ಲೇ ಉಳಿಯಿತು. ಅವನೊಬ್ಬನಿಂದ ಇಡೀ ಕಾರ್ಡ್ ರದ್ದಾಗುತ್ತದೆ, ಅಣ್ಣನ ಮಕ್ಕಳ ಚಿಕಿತ್ಸೆಯೂ ಹೋಗುತ್ತದೆ. ನೌಕರಿ ಸಿಕ್ಕ ಕೂಡಲೇ ಅವನ ಹೆಸರು ತೆಗೆಸಬೇಕು. ಇದು ಮೋಸವಲ್ಲ, ಒಲೆ ಬೇರೆಯಾದ ಮೇಲೆ ಕಾರ್ಡ್ ಬೇರೆಯಾಗಲೇಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಇರುವುದು ಇದರ ಉಲ್ಟಾ ಸಮಸ್ಯೆ. ಮೊದಲು ತವರಿನಿಂದ ತೆಗೆಸಿ, ನಂತರ ಇಲ್ಲಿ ಸೇರಿಸಬೇಕು. ದೊಡ್ಡವರ ಹೆಸರು ಸೇರಿಸಲು ಆಧಾರ್ ಜೊತೆ ಜಾತಿ-ಆದಾಯ ಪ್ರಮಾಣಪತ್ರ ಕೇಳುತ್ತಾರೆ. ತಿದ್ದುಪಡಿಯ ಪೋರ್ಟಲ್ ವರ್ಷವಿಡೀ ತೆರೆದಿರುವುದಿಲ್ಲ, ತೆರೆದ ದಿನ ಗ್ರಾಮ ಒನ್, ಕರ್ನಾಟಕ ಒನ್ ಮುಂದೆ ಸಾಲು ಇರುತ್ತದೆ, ಸರ್ವರ್ ಮಲಗಿರುತ್ತದೆ. ಹೆರಿಗೆಗೆ ಎರಡು ತಿಂಗಳಿರುವಾಗ ಓಡಾಡಿದರೆ ತಡವಾಯಿತೆಂದೇ ಅರ್ಥ.

ಬ್ಯಾಂಕ್ ಸಾಲಕ್ಕಾಗಿ ಆದಾಯ ತೆರಿಗೆ ರಿಟರ್ನ್ (ಐಟಿಆರ್) ತುಂಬುವವರು ಗಮನಿಸಬೇಕಾದ್ದಿದೆ. ಟಾಟಾ ಏಸ್ ತೆಗೆದುಕೊಳ್ಳಲು, ಮನೆ ಕಟ್ಟಲು ಸಾಲ ಕೇಳಿದಾಗ ಏಜೆಂಟರು ‘ಮೂರು ವರ್ಷದ ಐಟಿಆರ್ ಹಾಕ್ಸಿಬಿಡ್ರಿ’ ಎನ್ನುತ್ತಾರೆ. ಸಾಲ ದೊಡ್ಡದು ಸಿಗಲೆಂದು ಇಲ್ಲದ 4 ಲಕ್ಷ ಆದಾಯ ತೋರಿಸುತ್ತಾರೆ. ತೆರಿಗೆ ಸೊನ್ನೆ, ಆದ್ದರಿಂದ ನಷ್ಟವಿಲ್ಲ ಎಂಬ ಭಾವನೆ. ಆದರೆ ನೀವೇ ಸಹಿ ಮಾಡಿ 4 ಲಕ್ಷ ಎಂದು ಹೇಳಿದ ಮೇಲೆ 1.2 ಲಕ್ಷದ ಗೆರೆಯೊಳಗೆ ಇದ್ದೇನೆ ಎನ್ನಲು ಬಾಯಿ ಎಲ್ಲಿದೆ? ರಿಟರ್ನ್ ಹಾಕುವುದೇ ತಪ್ಪಲ್ಲ, ಇದ್ದಷ್ಟು ಆದಾಯ ಬರೆದು ಹಾಕಬೇಕು. ಇದಕ್ಕಿಂತ ಬೇರೆಯಾದದ್ದು ಟಿಡಿಎಸ್. ಗುತ್ತಿಗೆ ಕೆಲಸ ಮಾಡಿದವರ ಪಾವತಿಯಲ್ಲಿ ಶೇ 1 ಮುರಿದುಕೊಂಡಿರುತ್ತಾರೆ, ಆ ಮೊತ್ತ ಅವರ ಪ್ಯಾನ್ ಮೇಲೆ ತೆರಿಗೆಯಾಗಿ ಕಾಣುತ್ತದೆ. ಅಂಥವರು ರಿಟರ್ನ್ ಹಾಕಿ ಮರುಪಾವತಿ ಪಡೆದು, ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ಆದಾಯ ತೆರಿಗೆ ಇಲಾಖೆ ಕಳಿಸುವ ಇಂಟಿಮೇಶನ್ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ತೆರಿಗೆದಾರ ಎಂದು ಕಾರ್ಡ್ ತಡೆದರೆ ತಾಲ್ಲೂಕಿನ ಆಹಾರ ಶಾಖೆಯಲ್ಲಿ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಇಲ್ಲ. ನಗರದಲ್ಲಿ ಸಾವಿರ ಚದರಡಿ ಮೀರಿದ ಮನೆ, ಸ್ವಂತಕ್ಕೆ ಬಳಸುವ ಬಿಳಿ ಬೋರ್ಡಿನ ಕಾರು ಕೂಡ ಹೊರಗಿಡುವ ಕಾರಣಗಳು. ಹೊಟ್ಟೆಪಾಡಿಗೆ ಓಡಿಸುವ ಒಂದು ಹಳದಿ ಬೋರ್ಡಿನ ಗಾಡಿಗೆ ವಿನಾಯಿತಿ ಇದೆ.

ಮಂಗಳೂರು, ಗೋವಾ ಕಡೆ ದುಡಿಯಲು ಹೋಗುವ ಗದಗ, ಹಾವೇರಿ ಜಿಲ್ಲೆಯವರಿಗೆ ಒಂದು ಮಾತು. ತಿಂಗಳುಗಟ್ಟಲೆ ರೇಷನ್ ಎತ್ತದ ಕಾರ್ಡ್ ಅಮಾನತಿನ ಪಟ್ಟಿಗೆ ಹೋಗುವ ಅಪಾಯ ಇದೆ. ಒಂದು ದೇಶ ಒಂದು ರೇಷನ್ ವ್ಯವಸ್ಥೆಯಲ್ಲಿ ಹೋದ ಊರಿನಲ್ಲೂ ಹೆಬ್ಬೆಟ್ಟು ಒತ್ತಿ ಧಾನ್ಯ ಎತ್ತಬಹುದು. ಅಕ್ಕಿ ಬೇಡದಿದ್ದರೂ ಕಾರ್ಡ್ ಉಸಿರಾಡುತ್ತಿರಲು ಎತ್ತಿ. ಮನೆಯ ಪ್ರತಿಯೊಬ್ಬರ ಇ-ಕೆವೈಸಿ ಆಗಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ. ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಮತ್ತೊಂದು ಇದ್ದರೆ ದಾಖಲಾಗುವ ಹೊತ್ತಿನಲ್ಲಿ ಅದೇ ಕೊಕ್ಕೆ.

ಆಸ್ಪತ್ರೆಯ ಬಾಗಿಲಿನ ನಿಯಮಗಳನ್ನು ಚುಟುಕಾಗಿ ಹೇಳುತ್ತೇವೆ. ಸರಳ ಚಿಕಿತ್ಸೆಗಳು ಸರ್ಕಾರಿ ದವಾಖಾನೆಯಲ್ಲೇ. ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ನಮ್ಮ ಹಳೆಯ ಕಿಮ್ಸ್, ಗದಗಿನ ಜಿಮ್ಸ್, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆಗಳಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಯೋಜನೆ ಶುರುವಾದಾಗಿನ 1650 ಚಿಕಿತ್ಸೆಗಳ ಪಟ್ಟಿಯಲ್ಲಿ 169 ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಇಲ್ಲದೆ ನೇರವಾಗಿ ಹೋಗಬಹುದಿತ್ತು. ತುರ್ತಲ್ಲದ್ದಕ್ಕೆ ರೆಫರಲ್ ಇಲ್ಲದೆ ದಾಖಲಾಗಿ, ಆಮೇಲೆ ಪತ್ರ ತರುತ್ತೇವೆ ಎಂದರೆ ನಡೆಯುವುದಿಲ್ಲ. ದುಡ್ಡು ಕಟ್ಟಿ ಬಂದು ನಂತರ ವಾಪಸ್ ಕೇಳುವ ದಾರಿಯೂ ಈ ಯೋಜನೆಯಲ್ಲಿಲ್ಲ. ಎಲ್ಲ ಪೂರ್ವಾನುಮತಿಯಲ್ಲೇ ತೀರ್ಮಾನ ಆಗಬೇಕು. ಒಂದು ಆಸ್ಪತ್ರೆ ಹೃದಯದ ಚಿಕಿತ್ಸೆಗೆ ನೋಂದಾಯಿತವಾಗಿದ್ದು ಎಲುಬಿನ ಚಿಕಿತ್ಸೆಗೆ ಆಗಿರದೇ ಇರಬಹುದು, ಆದ್ದರಿಂದ ‘ಯೋಜನೆ ಇದೆಯೇ’ ಎಂದಲ್ಲ, ‘ಈ ಚಿಕಿತ್ಸೆಗೆ ಇದೆಯೇ’ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಬೇಕು. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಪರೀಕ್ಷೆ, ಔಷಧ, ಇಂಪ್ಲಾಂಟಿಗೆ ಹಣ ಕೇಳಿದರೆ ಡಿಸ್ಚಾರ್ಜ್ ಆಗುವ ಮೊದಲೇ 1800 425 8330ಕ್ಕೆ ಫೋನ್ ಮಾಡಿ. ಮನೆಗೆ ಬಂದ ಮೇಲಿನ ದೂರಿಗೆ ಅರ್ಧ ಬಲ. ಬಿಪಿಎಲ್ ಅರ್ಜಿ ಹಾಕಿ ಕಾಯುತ್ತಿರುವ ಮನೆಯಲ್ಲಿ ದೊಡ್ಡ ಕಾಯಿಲೆ ಬಂದರೆ ವೈದ್ಯರ ಪತ್ರ ಹಿಡಿದು ಆಹಾರ ಇಲಾಖೆಗೆ ಹೋಗಿ. ವೈದ್ಯಕೀಯ ತುರ್ತಿನ ಅರ್ಜಿಗಳನ್ನು ಮುಂದೆ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕು ನಿಮ್ಮದು.

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ಕೆಲಸಗಾರರಿಗೆ ಇದಕ್ಕಿಂತ ಭಿನ್ನವಾದ ಗೆರೆ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ ನೋಡುವುದು ಕುಟುಂಬದ ಆದಾಯವಲ್ಲ, ಆ ಒಬ್ಬ ಕೆಲಸಗಾರನ ಸಂಬಳ. ಸದ್ಯ ತಿಂಗಳಿಗೆ 21 ಸಾವಿರ, ಅಂಗವಿಕಲರಿಗೆ 25 ಸಾವಿರ. ಕೆಲಸಗಾರನ ವಂತಿಗೆ ಶೇ 0.75, ಮಾಲೀಕರದು ಶೇ 3.25. 21 ಸಾವಿರ ಸಂಬಳಕ್ಕೆ ಕೆಲಸಗಾರ ಕಟ್ಟುವುದು 158 ರೂಪಾಯಿ. ಹೆಂಡತಿ-ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ತಂದೆ-ತಾಯಿಯನ್ನು ಸೇರಿಸಬೇಕಾದರೆ ಮಾತ್ರ ಅವರ ಸ್ವಂತ ಆದಾಯ ತಿಂಗಳಿಗೆ 9 ಸಾವಿರ ಮೀರಬಾರದು. ನಿವೃತ್ತಿ ವೇತನ ಬರುವ ತಂದೆಯ ಹೆಸರು ಸೇರಿಸಿ ಆಮೇಲೆ ಪೇಚಾಡುವವರು ಇದನ್ನು ಮೊದಲೇ ನೋಡಿಕೊಳ್ಳಲಿ. ಓವರ್‌ಟೈಮ್ ಹಣವನ್ನು 21 ಸಾವಿರದ ಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಒಂದು ತಿಂಗಳು ಓಟಿ ಸೇರಿ 23 ಸಾವಿರ ಬಂದರೆ ಗಾಬರಿ ಬೇಡ.

ಇಎಸ್‌ಐಯಲ್ಲಿ ಒಂದು ಸಜ್ಜನಿಕೆ ಇದೆ, ಅದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಒಡೆದಿದ್ದಾರೆ, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೇ ತಿಂಗಳಲ್ಲಿ ಸಂಬಳ 21,500ಕ್ಕೆ ಏರಿದರೆ ಅವತ್ತೇ ಹೊರಹಾಕುವುದಿಲ್ಲ. ಸೆಪ್ಟೆಂಬರ್ 30ರವರೆಗೆ ವಂತಿಗೆ ಮುರಿಯುತ್ತಲೇ ಇರಬೇಕು, ಆ ಅವಧಿಯ ಫಲ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಸಿಗುತ್ತದೆ. ಸಂಬಳ ಏರಿದ ಮನೆಗೆ ಬೇರೆ ವಿಮೆ ಹುಡುಕಿಕೊಳ್ಳಲು ವರ್ಷದಷ್ಟು ಬಿಡುವು. ರೇಷನ್ ಕಾರ್ಡಿನಲ್ಲಿ ಈ ಬಿಡುವು ಇಲ್ಲ. ಕಾರ್ಡಿನ ಬಣ್ಣ ಬದಲಾದದ್ದು ಎಷ್ಟೋ ಮನೆಗೆ ಗೊತ್ತಾಗುವುದೇ ಅಕ್ಕಿಯ ಅಂಗಡಿಯಲ್ಲೋ ಆಸ್ಪತ್ರೆಯ ಕೌಂಟರಿನಲ್ಲೋ. ಡಯಾಲಿಸಿಸ್ ಮೇಲೆ ಇರುವವರಿಗೆ, ಕಿಮೋದ ಆರು ಸುತ್ತಿನಲ್ಲಿ ಮೂರು ಮುಗಿಸಿದವರಿಗೆ ಇದರ ಅರ್ಥ ಏನೆಂದು ವಿವರಿಸಬೇಕಿಲ್ಲ.

1.2 ಲಕ್ಷದ ಗೆರೆ ದಾಟಿ, ಇಎಸ್‌ಐಯೂ ಇಲ್ಲದ ಹಳ್ಳಿಯ ಮನೆಗಳಿಗೆ ಸದ್ಯಕ್ಕೆ ಒದಗುವುದು ಸಹಕಾರ ಸಂಘಗಳ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿ ಹೋಗಿದ್ದ ಇದಕ್ಕೆ ಮರುಜೀವ ಬಂದು 2023ರ ಜನವರಿಯಿಂದ ಚಿಕಿತ್ಸೆ ಮತ್ತೆ ಶುರುವಾಯಿತು. ಮರುಜೀವದ ವೇಳೆ ಗೊತ್ತುಮಾಡಿದ ದರದಲ್ಲಿ ಗ್ರಾಮೀಣ ಸಹಕಾರ ಸಂಘದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1000, ನಾಲ್ಕಕ್ಕಿಂತ ಹೆಚ್ಚಿನ ಪ್ರತಿ ಸದಸ್ಯರಿಗೆ 100 ಅಥವಾ 200. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದೇ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಇದರಲ್ಲಿ ಬಿಪಿಎಲ್ ಬೇಕಿಲ್ಲ. ತಿಂಗಳಿಗೆ 30 ಸಾವಿರ ಮೀರಿದ ಸಂಬಳದವರು, ಬೇರೆ ಆರೋಗ್ಯ ವಿಮೆ ಇರುವವರು ಹೊರಗೆ, ಅಷ್ಟೆ. 30 ಸಾವಿರ ಎಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ಬಿಪಿಎಲ್ ಗೆರೆಯ ಮೂರು ಪಟ್ಟು!

ಆದರೆ ನೋಂದಣಿಯ ಬಾಗಿಲು ವರ್ಷದಲ್ಲಿ ಕೆಲವು ವಾರ ಮಾತ್ರ ತೆರೆದಿರುತ್ತದೆ. ಕಾಯಿಲೆ ಬಿದ್ದ ಮೇಲೆ ಸೊಸೈಟಿಗೆ ಹೋದರೆ ಕಾರ್ಯದರ್ಶಿ ಏನೂ ಮಾಡಲಾರ. ಮೊದಲು ಹಾಲಿನ ಸಂಘದಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಸದಸ್ಯತ್ವ, ನಂತರ ಯಶಸ್ವಿನಿ. ದೇಶದ ಸಹಕಾರ ಚಳವಳಿಯೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಸಂಘದಿಂದ ಬೇರು ಬಿಟ್ಟಿತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾಡು ನಮ್ಮದು. ಆ ನಾಡಿನಲ್ಲೇ ಸೊಸೈಟಿಯ ಬಾಗಿಲಿಗೆ ‘ಯಶಸ್ವಿನಿ ನೋಂದಣಿ ಇಂಥ ದಿನ ಮುಗಿಯುತ್ತದೆ’ ಎಂಬ ಒಂದು ಹಾಳೆ ಅಂಟಿಸದ ಸಂಘಗಳಿವೆ ಎಂದರೆ ನಾಚಿಕೆ. ಡಂಗುರ ಸಾರಿಸಿದರೂ ತಪ್ಪಿಲ್ಲ.

ಇದೂ ಸಿಗದ ಮಧ್ಯಮ ವರ್ಗದವರು ಸ್ವಂತ ವಿಮೆ ಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. ವಿಮೆಯ ಕಂತಿಗೆ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಸಕ್ಕರೆ ಕಾಯಿಲೆ, ಬಿಪಿ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ, ಹೇಳಿ ಮಾಡಿಸಿದರೆ ಕಾಯಬೇಕಾದ್ದು ಹೆಚ್ಚೆಂದರೆ 3 ವರ್ಷ.

ಈಗ ಸರ್ಕಾರಕ್ಕೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಮಿತಿ ಎರಡೂವರೆ ಲಕ್ಷ. ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲಾತಿಗೆ 8 ಲಕ್ಷ. 2 ಲಕ್ಷ ಆದಾಯದ ಮನೆ ಮಗಳ ಓದಿಗೆ ಬಡವರದ್ದು, ಅದೇ ಮನೆ ಅಪ್ಪನ ಹೃದಯಕ್ಕೆ ಬಡವರದ್ದಲ್ಲ. ಅಕ್ಕಿಗೆ 1.2 ಲಕ್ಷದ ಗೆರೆ ಇರಲಿ ಬಿಡಲಿ, ಅದು ಆಹಾರ ಇಲಾಖೆಯ ತಕರಾರು. ಆರೋಗ್ಯಕ್ಕೆ ಬೇರೆ ಗೆರೆ ಬೇಕು, ಮತ್ತು ಅದು ಒಂದೇ ಗೆರೆಯಾಗಿರಬಾರದು. ಒಂದು ರೂಪಾಯಿ ಹೆಚ್ಚಾದ ಕೂಡಲೇ ನೆರವು ನೂರರಿಂದ ಮೂವತ್ತಕ್ಕೆ ಬೀಳುವುದು ಬಾವಿಯ ದಂಡೆ. ಬಾವಿಗೂ ಮೆಟ್ಟಿಲು ಕಟ್ಟುತ್ತಾರೆ. ಎರಡೂವರೆ ಲಕ್ಷದವರೆಗಿನ ಮನೆಗೆ ಪ್ಯಾಕೇಜಿನ ಶೇ 90, 5 ಲಕ್ಷದವರೆಗೆ ಶೇ 70, 8 ಲಕ್ಷದವರೆಗೆ ಶೇ 50, ಅದರ ಮೇಲಿನವರಿಗೆ ಈಗಿನ ಶೇ 30 ಎಂದು ಮಾಡಲು ಹೊಸ ಇಲಾಖೆಯೇನೂ ಬೇಡ. ಆದಾಯ ಪ್ರಮಾಣಪತ್ರ ಈಗಾಗಲೇ ಕಂಪ್ಯೂಟರಿನಲ್ಲಿದೆ. ಹಾಗಾದಾಗ ಆದಾಯ ಮುಚ್ಚಿಡುವ ಆಸೆಯೂ ಕಡಿಮೆಯಾಗುತ್ತದೆ. ಈಗಂತೂ 1 ಲಕ್ಷದ ಪ್ಯಾಕೇಜಿನಲ್ಲಿ ನಿಜ ಹೇಳಿದವನಿಗೆ ದಂಡ ಬೀಳುವುದು 70 ಸಾವಿರ.

ಕಾರ್ಡಿನ ವರ್ಗ ಬದಲಿಸುವ ಮೊದಲು ಮನೆಗೆ ಲಿಖಿತ ನೋಟಿಸ್ ಬರಬೇಕು, ಬದಲಿಸಿದ ಮೇಲೂ ಆರೋಗ್ಯದ ಮಟ್ಟಿಗೆ ಇಎಸ್‌ಐಯಂತೆ ಆರು ತಿಂಗಳಾದರೂ ಹಳೆಯ ವರ್ಗವೇ ನಡೆಯಬೇಕು. ಚಿಕಿತ್ಸೆಯ ನಡುವೆ ಇರುವವರಿಗೆ ಆ ಚಿಕಿತ್ಸೆ ಮುಗಿಯುವವರೆಗೆ ಮುಟ್ಟಬಾರದು. ನ್ಯಾಯಬೆಲೆ ಅಂಗಡಿಯಲ್ಲಿ ಪ್ರತಿ ತಿಂಗಳು ಕೊಡುವ ಚೀಟಿಯ ಕೆಳಗೆ ‘ನಿಮ್ಮ ಮನೆಯ ಆಸ್ಪತ್ರೆ ನೆರವು: ಪೂರ್ಣ’ ಅಥವಾ ‘ಶೇ 30’ ಎಂದು ಒಂದು ಸಾಲು ಅಚ್ಚಾದರೆ ಖರ್ಚು ಏನೂ ಇಲ್ಲ. ಬೆಳಗಾವಿಯ ಸುವರ್ಣಸೌಧದಲ್ಲಿ ಮುಂದಿನ ಅಧಿವೇಶನ ಕೂಡಿದಾಗ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಸಕರು ಆಹಾರ ಸಚಿವರಿಗೆ ರದ್ದಾದ ಕಾರ್ಡುಗಳ ಸಂಖ್ಯೆ ಕೇಳುವುದು ಹೇಗೂ ಇದ್ದೇ ಇರುತ್ತದೆ. ಆ ಕಾರ್ಡುಗಳ ಮನೆಗಳಲ್ಲಿ ಆ ದಿನ ಎಷ್ಟು ಜನ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು ಎಂದು ಆರೋಗ್ಯ ಸಚಿವರನ್ನೂ ಕೇಳಲಿ.

ಇಂತಿ,
ಆರೋಗ್ಯ ಯೋಜನೆಗಳ ಅರ್ಜಿ ಕೆಲಸದಲ್ಲಿ ತೊಡಗಿದ ಕೆಲವರು
ಹುಬ್ಬಳ್ಳಿ